ಅಧಿಕಾರ ಹತ್ತಿರ ಬಂದಾಗ ಪ್ರಣಾಳಿಕೆಯಿಂದ ಮೊದಲು ಜಾರುವುದು ಯಾವುದು?

ಮಾನ್ಯ ಸಂಪಾದಕರೇ,

ಯುರೋಪಿನ ಚುನಾವಣೆಗಳ ಬಗ್ಗೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬರುವ ವರದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಮಾತು ಎಲ್ಲ ಕಡೆ ಸಿಗುತ್ತದೆ: ಬೆಂಕಿಯುಗುಳುತ್ತಿದ್ದ ನಾಯಕ ಅಧಿಕಾರದ ಹೊಸ್ತಿಲಿಗೆ ಬಂದೊಡನೆ ಮೆತ್ತಗಾದ. ಇಟಲಿಯ ಮೆಲೋನಿ ಬಗ್ಗೆ ಹೀಗೇ ಬರೆದರು, ನೆದರ್ಲೆಂಡ್ಸಿನ ವಿಲ್ಡರ್ಸ್ ಬಗ್ಗೆ ಬರೆದರು, ಫ್ರಾನ್ಸಿನ ಲೆ ಪೆನ್ ಪಕ್ಷದ ಬಗ್ಗೆಯೂ ಬರೆದರು. ಸುದ್ದಿಸಂಸ್ಥೆಯ ವರದಿಯನ್ನು ರಾತ್ರಿ ಪಾಳಿಯಲ್ಲಿ ಕನ್ನಡಕ್ಕೆ ಇಳಿಸುವವರಿಗೆ ಇದಕ್ಕಿಂತ ಹೆಚ್ಚು ಹೇಳಲು ಜಾಗವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಆದರೆ ಈ ಮಾತು ಓದುಗರನ್ನು ದಾರಿ ತಪ್ಪಿಸುತ್ತಿದೆ ಎಂಬ ಕಳವಳದಿಂದ ಈ ಪತ್ರ.

‘ನಿಜವಾದ ಜನ’ ಒಂದು ಕಡೆ, ಅವರನ್ನು ವಂಚಿಸುವ ಗಣ್ಯರು ಇನ್ನೊಂದು ಕಡೆ ಎಂದು ನಾಡನ್ನು ಎರಡಾಗಿ ಸೀಳಿ ಮತ ಕೇಳುವ ಪಕ್ಷಗಳನ್ನು ಪಾಪ್ಯುಲಿಸ್ಟ್ ಪಕ್ಷಗಳು ಎನ್ನುತ್ತೇವೆ. ಎಡಪಂಥದಲ್ಲೂ ಇವೆ, ಬಲಪಂಥದಲ್ಲೂ ಇವೆ. ಇವು ಅಧಿಕಾರಕ್ಕೆ ಹತ್ತಿರವಾದಾಗ ಮಾತು ಬದಲಾಗುವುದು ನಿಜ, ಆದರೆ ಎಲ್ಲ ಮಾತೂ ಒಂದೇ ಅಳತೆಯಲ್ಲಿ ಬದಲಾಗುವುದಿಲ್ಲ. ಬೊಕ್ಕಸದಿಂದ ಹಣ ಹೋಗಬೇಕಾದ ಭರವಸೆಗಳು ಮೊದಲು ಜಾರುತ್ತವೆ. ಸಂವಿಧಾನಕ್ಕೆ, ನ್ಯಾಯಾಲಯಕ್ಕೆ ಡಿಕ್ಕಿ ಹೊಡೆಯುವಂಥವು ಕಪಾಟು ಸೇರುತ್ತವೆ. ಹೊರಗಿನವರ ಮೇಲಿನ ಮಾತು ಮಾತ್ರ ಬಹುಮಟ್ಟಿಗೆ ಹಾಗೇ ಉಳಿದು, ಬೇರೆ ಬಾಯಿಂದ, ಬೇರೆ ಜಾಗದಿಂದ ಬರತೊಡಗುತ್ತದೆ. ಬಡವನಿಗೆ ಕೊಟ್ಟ ಮಾತು ಹೋಗಿ, ಅವನಿಗೆ ತೋರಿಸಿದ ಶತ್ರು ಉಳಿಯುತ್ತಾನೆ. ಇದನ್ನು ಮೆತ್ತಗಾಗುವುದು ಎಂದು ಕರೆಯಲು ಸಾಧ್ಯವೇ?

ನೆದರ್ಲೆಂಡ್ಸಿನ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅಲ್ಲಿ ಪ್ರತಿ ಹೆಜ್ಜೆಗೂ ತಾರೀಖು ಇದೆ. ಗೀರ್ಟ್ ವಿಲ್ಡರ್ಸ್ ಅವರ ಪಿವಿವಿ ಪಕ್ಷ 2023ರ ಪ್ರಣಾಳಿಕೆಯಲ್ಲಿ ಇಸ್ಲಾಮಿಕ್ ಶಾಲೆ, ಕುರಾನ್, ಮಸೀದಿಗಳೇ ಬೇಡ ಎಂದಿತ್ತು. ಯುರೋಪಿಯನ್ ಒಕ್ಕೂಟ ಬಿಡುವ ಬಗ್ಗೆ ಜನಮತಗಣನೆ, ಆಶ್ರಯ ಕೋರಿ ಬರುವವರಿಗೆ ಪೂರ್ತಿ ತಡೆ, ಉಕ್ರೇನಿಗೆ ಹಣ ಮತ್ತು ಶಸ್ತ್ರಾಸ್ತ್ರ ನಿಲ್ಲಿಸುವುದು ಎಂದೂ ಇತ್ತು. ಇವೆಲ್ಲ ಹೊರಗಿನ ಓದುಗರಿಗೂ ಗೊತ್ತು. ಅದೇ ಪ್ರಣಾಳಿಕೆಯಲ್ಲಿ ಎಡಪಕ್ಷದವರು ಬರೆದಂತಿದ್ದ ಇನ್ನೊಂದು ಭಾಗವಿತ್ತು: ಪಿಂಚಣಿ ವಯಸ್ಸು ಮತ್ತೆ 65ಕ್ಕೆ, ದಿನಸಿ ಮೇಲಿನ ವ್ಯಾಟ್ ಸೊನ್ನೆಗೆ, ಆರೋಗ್ಯ ವಿಮೆಯ ‘ಸ್ವಂತ ಪಾಲು’ ರದ್ದು. ಅಲ್ಲಿ ವಿಮೆ ಇದ್ದರೂ ಚಿಕಿತ್ಸೆಯ ಖರ್ಚಿನಲ್ಲಿ ವರ್ಷಕ್ಕೆ ಮೊದಲ 385 ಯೂರೋವನ್ನು ರೋಗಿಯೇ ಕೈಯಿಂದ ಹಾಕಬೇಕು. ದೀರ್ಘಕಾಲದ ಕಾಯಿಲೆಯವರಿಗೆ ಅದು ತಪ್ಪದ ವಾರ್ಷಿಕ ದಂಡ. ಪಿವಿವಿಗೆ ಬಿದ್ದ ಮತಗಳಲ್ಲಿ ಈ ಭಾಗದ ಪಾಲು ಸಣ್ಣದಿರಲಿಕ್ಕಿಲ್ಲ.

ಆ ದೇಶದಲ್ಲಿ ಸೆಂಟ್ರಲ್ ಪ್ಲಾನಿಂಗ್ ಬ್ಯೂರೋ ಎಂಬ ಸರ್ಕಾರಿ ಸಂಸ್ಥೆ ಇದೆ. ಪಕ್ಷಗಳು ಬಯಸಿದರೆ ಚುನಾವಣೆಗೆ ಮೊದಲೇ ಅವುಗಳ ಪ್ರಣಾಳಿಕೆಗೆ ಎಷ್ಟು ಖರ್ಚು, ಯಾರ ಜೇಬಿಗೆ ಎಷ್ಟು ಹೊರೆ ಎಂದು ಲೆಕ್ಕ ಹಾಕಿಕೊಡುತ್ತದೆ. ಕಡ್ಡಾಯವಿಲ್ಲ. 2023ರಲ್ಲಿ ಪಿವಿವಿ ತನ್ನ ಪ್ರಣಾಳಿಕೆಯನ್ನು ಲೆಕ್ಕಕ್ಕೆ ಕೊಡಲಿಲ್ಲ. ಮುಂದೆ ಆದದ್ದರ ಸುಳಿವು ಅಲ್ಲೇ ಇತ್ತು. ಲೆಕ್ಕಕ್ಕೆ ಒಪ್ಪಿಸದ ಭರವಸೆಯನ್ನು ಕೈಬಿಟ್ಟಾಗ, ಎಷ್ಟು ಕೋಟಿಯಷ್ಟು ಕೈಬಿಟ್ಟರು ಎಂದು ಯಾರೂ ಬೆರಳಿಟ್ಟು ತೋರಿಸಲಾರರು.

ಮಾತು ತಿರುಗಿದ್ದು ಮತದಾನಕ್ಕೆ ಮೊದಲೇ. ಬಲಪಂಥದ ದೊಡ್ಡ ಪಕ್ಷ ವಿವಿಡಿಯ ನಾಯಕಿ ದಿಲಾನ್ ಯೆಶಿಲ್ಗೋಜ್ ಆ ವರ್ಷದ ಆಗಸ್ಟಿನಲ್ಲಿ, ಪಿವಿವಿ ಜೊತೆ ಮಾತುಕತೆಯನ್ನು ಮೊದಲೇ ತಳ್ಳಿಹಾಕುವುದಿಲ್ಲ ಎಂದರು. ಬಾಗಿಲು ಸ್ವಲ್ಪ ತೆರೆದದ್ದು ಆಗ. ಇಸ್ಲಾಂ ಕುರಿತ ತಮ್ಮ ಬೇಡಿಕೆಗಳು ಸದ್ಯಕ್ಕೆ ಆದ್ಯತೆಯಲ್ಲ, ಅವನ್ನು ಫ್ರಿಜ್ಜಿನಲ್ಲಿ ಇಡಬಹುದು ಎಂಬ ಧಾಟಿಯಲ್ಲಿ ವಿಲ್ಡರ್ಸ್ ಪ್ರಚಾರದ ಕೊನೆಯ ವಾರಗಳಲ್ಲಿ ಮಾತಾಡತೊಡಗಿದರು. ನವೆಂಬರ್ 22ರಂದು 150 ಸ್ಥಾನಗಳ ಸಂಸತ್ತಿನಲ್ಲಿ 37 ಗೆದ್ದರು. ಬಹುಮತಕ್ಕೆ 76 ಬೇಕು. ವಿವಿಡಿಯ 24, ಪೀಟರ್ ಓಮ್ಟ್‌ಜಿಗ್ಟ್ ಅವರ ಹೊಸ ಪಕ್ಷ ಎನ್‌ಎಸ್‌ಸಿಯ 20, ರೈತರ ಪಕ್ಷ ಬಿಬಿಬಿಯ 7 ಸೇರಿಸಿದರೆ 88.

ಈ ಲೆಕ್ಕದಲ್ಲಿ ಓಮ್ಟ್‌ಜಿಗ್ಟ್ ಇಲ್ಲದೆ ಸರ್ಕಾರವಿಲ್ಲ. ಅವರ ಪಟ್ಟು ಒಂದೇ: ಸಂವಿಧಾನ, ಧಾರ್ಮಿಕ ಸ್ವಾತಂತ್ರ್ಯ, ಸಮಾನತೆಗೆ ಎಲ್ಲರೂ ಬದ್ಧ ಎಂದು ಮೊದಲು ಲಿಖಿತ ಒಪ್ಪಂದವಾಗಲಿ. 2024ರ ಜನವರಿ 8ರಂದು ವಿಲ್ಡರ್ಸ್ ಸಂಸತ್ತಿನಲ್ಲಿ ಬಾಕಿಯಿದ್ದ ತಮ್ಮ ಮೂರು ಮಸೂದೆಗಳನ್ನು ಹಿಂಪಡೆದರು. ಒಂದು, 2018ರಲ್ಲಿ ಮಂಡಿಸಿದ್ದ, ಮಸೀದಿ, ಇಸ್ಲಾಮಿಕ್ ಶಾಲೆ ಮತ್ತು ಕುರಾನ್ ನಿಷೇಧದ ಮಸೂದೆ. ಇನ್ನೊಂದು, ಜಿಹಾದಿ ಎಂಬ ಶಂಕೆ ಬಂದವರನ್ನು ಆಡಳಿತಾತ್ಮಕ ಆದೇಶದ ಮೇಲೆ ಬಂಧನದಲ್ಲಿಡುವುದು. ಮತ್ತೊಂದು, ಎರಡು ದೇಶಗಳ ಪೌರತ್ವ ಇರುವವರಿಗೆ ಮತದ ಹಕ್ಕನ್ನೂ ಸರ್ಕಾರಿ ಹುದ್ದೆಯನ್ನೂ ನಿರಾಕರಿಸುವುದು. ಜಗತ್ತಿನ ಪತ್ರಿಕೆಗಳಿಗೆ ‘ಮೆತ್ತಗಾದ ವಿಲ್ಡರ್ಸ್’ ಸಿಕ್ಕಿದ್ದು ಆ ದಿನ. ಮಸೂದೆ ಹಿಂಪಡೆಯುವುದಕ್ಕೆ ಒಂದು ಪತ್ರ ಸಾಕು, ಮತ್ತೆ ಮಂಡಿಸುವುದಕ್ಕೂ ಒಂದು ಪತ್ರ ಸಾಕು. ಅವರು ಹಿಂಪಡೆದದ್ದು ಮಸೂದೆಯನ್ನು. ಪ್ರಣಾಳಿಕೆಯನ್ನು ಅಲ್ಲ, ಆ ಅಭಿಪ್ರಾಯವನ್ನೂ ಅಲ್ಲ. ಇದನ್ನು ಅವರೇ ಮುಚ್ಚಿಡಲೂ ಇಲ್ಲ.

ಮಾರ್ಚ್ 13ರಂದು ಪ್ರಧಾನಿ ಹುದ್ದೆಯ ಆಸೆ ಬಿಟ್ಟರು. ನಾಲ್ಕೂ ಪಕ್ಷಗಳ ನಾಯಕರು ಮಂತ್ರಿಗಳಾಗದೆ ಸಂಸತ್ತಿನಲ್ಲೇ ಇರುವುದು, ಪಕ್ಷವಿಲ್ಲದ ಮಾಜಿ ಗುಪ್ತಚರ ಮುಖ್ಯಸ್ಥ ಡಿಕ್ ಸ್ಕೋಫ್ ಪ್ರಧಾನಿಯಾಗುವುದು ಎಂದಾಯಿತು. ಮೇ 16ಕ್ಕೆ 26 ಪುಟಗಳ ಒಪ್ಪಂದ ಹೊರಬಿತ್ತು. ಅದನ್ನು ಪ್ರಣಾಳಿಕೆಯ ಪಕ್ಕದಲ್ಲಿ ಇಟ್ಟರೆ ಸಿಗುವ ಚಿತ್ರ ಇದು. ಪಿಂಚಣಿ ವಯಸ್ಸು 65 ಎಲ್ಲೂ ಇಲ್ಲ. ದಿನಸಿಗೆ ಸೊನ್ನೆ ವ್ಯಾಟ್ ಎಲ್ಲೂ ಇಲ್ಲ. ಬದಲಿಗೆ ಹೋಟೆಲ್ ವಾಸ, ಪುಸ್ತಕ, ಸಂಸ್ಕೃತಿ, ಕ್ರೀಡೆಗಳ ಮೇಲಿನ ವ್ಯಾಟನ್ನು 9ರಿಂದ 21 ಪ್ರತಿಶತಕ್ಕೆ ಏರಿಸುವ ಮಾತಿದೆ. 385 ಯೂರೋದ ಸ್ವಂತ ಪಾಲು ರದ್ದಾಗಲಿಲ್ಲ, 165ಕ್ಕೆ ಇಳಿಯುತ್ತದೆ ಎಂದು ಬರೆದರು, ಅದೂ 2027ರಿಂದ. ಒಕ್ಕೂಟ ಬಿಡುವ ಜನಮತಗಣನೆ ಇಲ್ಲ. ಉಕ್ರೇನಿಗೆ ನೆರವು ಮುಂದುವರಿಯುತ್ತದೆ. ಆದರೆ ಆಶ್ರಯ ಕೋರುವವರ ಅಧ್ಯಾಯ? ಅದು ದಪ್ಪವಾಗಿಯೇ ಉಳಿಯಿತು, ಆ ಇಲಾಖೆಯ ಮಂತ್ರಿಗಿರಿಯೂ ಪಿವಿವಿಗೇ ಹೋಯಿತು.

2027 ಎಂಬ ವರ್ಷವನ್ನು ಗಮನಿಸಿ. ಈ ಪಕ್ಷಗಳ ಭರವಸೆ ಸಾಯುವುದು ‘ಇಲ್ಲ’ ಎಂಬ ಮಾತಿನಿಂದಲ್ಲ. ಅದಕ್ಕೊಂದು ದೂರದ ವರ್ಷ ಅಂಟುತ್ತದೆ, ಅಷ್ಟೇ. ಡಚ್ಚರ ಸರ್ಕಾರ 2024ರ ಜುಲೈ 2ರಂದು ಪ್ರಮಾಣವಚನ ತೆಗೆದುಕೊಂಡು 2025ರ ಜೂನ್ 3ಕ್ಕೆ ಬಿತ್ತು. ಬೀಳಿಸಿದ್ದು ವಿಲ್ಡರ್ಸ್ ಅವರೇ. ಅದಕ್ಕೆ ಒಂದು ವಾರ ಮೊದಲು ಆಶ್ರಯ ಪೂರ್ತಿ ನಿಲ್ಲಿಸಬೇಕು, ಗಡಿಗೆ ಸೈನ್ಯ ಹಾಕಬೇಕು ಎಂಬಿತ್ಯಾದಿ ಹತ್ತು ಅಂಶಗಳ ಪಟ್ಟಿ ಮುಂದಿಟ್ಟಿದ್ದರು. ಆರೋಗ್ಯ ವಿಮೆಯ 385 ಯೂರೋಗಾಗಿ ಅವರು ಸರ್ಕಾರ ಬೀಳಿಸಲಿಲ್ಲ. ಪಿಂಚಣಿಗಾಗಿಯೂ ಬೀಳಿಸಲಿಲ್ಲ. ಯಾವ ಭರವಸೆಗಾಗಿ ಸರ್ಕಾರವನ್ನೇ ಪಣಕ್ಕೆ ಇಡುತ್ತಾರೆ ಎಂಬುದು ಪಕ್ಷದ ಮನಸ್ಸನ್ನು ತಿಳಿಯಲು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಅಕ್ಟೋಬರ್ 29ರ ಚುನಾವಣೆಯಲ್ಲಿ ಅವರ ಸ್ಥಾನ 37ರಿಂದ 26ಕ್ಕೆ ಇಳಿಯಿತು.

ಇಷ್ಟು ಸಲೀಸಾಗಿ ಒಂದು ಪಕ್ಷ ಮಾತು ಬದಲಿಸಲು ಹೇಗೆ ಸಾಧ್ಯ ಎಂದು ಕೇಳಬಹುದು. ಪಿವಿವಿಗೆ ವಿಲ್ಡರ್ಸ್ ಒಬ್ಬರೇ ಸದಸ್ಯರು. ಸಮಾವೇಶವಿಲ್ಲ, ಜಿಲ್ಲಾ ಘಟಕವಿಲ್ಲ, ನಿರ್ಣಯದ ಮೇಲೆ ಮತವಿಲ್ಲ. ಬೆಳಗ್ಗೆ ಫ್ರಿಜ್ಜಿಗೆ ಹಾಕಿದ್ದನ್ನು ಸಂಜೆ ತೆಗೆಯಲು ಯಾರ ಒಪ್ಪಿಗೆಯೂ ಬೇಕಿಲ್ಲ. ಅವರು ಮಂತ್ರಿಯಾಗದೆ ಉಳಿದದ್ದರಿಂದ ಇನ್ನೊಂದು ಅನುಕೂಲವೂ ಆಯಿತು: ಸರ್ಕಾರದಲ್ಲಿ ತಮ್ಮವರು ಕೂತಿರುವಾಗಲೇ ಎಕ್ಸ್ ಖಾತೆಯಲ್ಲಿ ಅದೇ ಸರ್ಕಾರವನ್ನು ದಿನವೂ ಬೈಯಬಹುದಿತ್ತು. ಕಚೇರಿಯಲ್ಲಿ ಒಂದು ದನಿ, ಬೀದಿಯಲ್ಲಿ ಇನ್ನೊಂದು. ಆಸ್ಟ್ರಿಯಾದ ಬಲಪಂಥೀಯ ಫ್ರೀಡಂ ಪಕ್ಷದ ನಾಯಕ ಯೋರ್ಗ್ ಹೈಡರ್ 2000ದಲ್ಲೇ ಇದನ್ನು ಮಾಡಿ ತೋರಿಸಿದ್ದರು. ಯುರೋಪಿನ ಮೌಲ್ಯಗಳಿಗೆ ಬದ್ಧ ಎಂಬ ಘೋಷಣಾಪತ್ರಕ್ಕೆ ಅಧ್ಯಕ್ಷರ ಪಟ್ಟಿನಿಂದಾಗಿ ಸಹಿ ಹಾಕಿ, ತಾವು ಮಾತ್ರ ಸಂಪುಟದ ಹೊರಗೆ ಉಳಿದರು.

ಇಲ್ಲಿ ಕನ್ನಡಿಗರಿಗೆ ನೇರವಾಗಿ ತಾಗುವ ಮಾತೊಂದಿದೆ. ಐಂಡ್‌ಹೋವೆನ್, ಆಮ್ಸ್ಟೆಲ್ವೀನ್ ಕಡೆ ಬೆಂಗಳೂರಿನಿಂದ ಹೋದ ಎಂಜಿನಿಯರುಗಳ ಕುಟುಂಬಗಳು ಸಾಕಷ್ಟಿವೆ. ಹೊರದೇಶದಿಂದ ಬಂದ ನುರಿತ ನೌಕರರಿಗೆ ಸಂಬಳದ ಶೇ 30ರವರೆಗೆ ಐದು ವರ್ಷ ತೆರಿಗೆ ಇಲ್ಲ ಎಂಬ ನಿಯಮ ಅಲ್ಲಿದೆ. 2023ರ ಕೊನೆಗೆ ಸಂಸತ್ತು ಇದನ್ನು 30, 20, 10 ಎಂದು ಹಂತಹಂತವಾಗಿ ಇಳಿಸಲು ತೀರ್ಮಾನಿಸಿತ್ತು. ವಲಸೆ ವಿರೋಧವನ್ನೇ ಉಸಿರಾಡುವ ಪಕ್ಷ ದೊಡ್ಡಣ್ಣನಾಗಿದ್ದ ಸ್ಕೋಫ್ ಸರ್ಕಾರ ಬಂದು ಆ ಕಡಿತವನ್ನು ಸಡಿಲಿಸಿತು: 2026ರವರೆಗೆ 30 ಹಾಗೇ ಇರುವುದು, 2027ರಿಂದ 27. ಚಿಪ್ ಯಂತ್ರ ತಯಾರಿಸುವ ಕಂಪನಿಗಳಿಗೆ ಎಂಜಿನಿಯರು ಬೇಕು, ಅದು ಬೊಕ್ಕಸದ ಪ್ರಶ್ನೆ. ಅದೇ ಹೊತ್ತಿಗೆ ಪೌರತ್ವ ಕೇಳಲು ಬೇಕಾದ ವಾಸದ ಅವಧಿಯನ್ನು 5ರಿಂದ 10 ವರ್ಷಕ್ಕೆ ಏರಿಸುವ ಅಂಶವನ್ನು ಒಪ್ಪಂದದಲ್ಲಿ ಬರೆದರು. ದುಡಿಯಲು ಬಾ, ನಮ್ಮವನಾಗಲು ಕಾಯಿ ಎಂಬ ಧೋರಣೆ. ಮಗಳ ಶಾಲೆ, ಮನೆಸಾಲ ಎಂದು ಅಲ್ಲಿ ಬದುಕು ಕಟ್ಟಿಕೊಂಡವರಿಗೆ ‘ವಿಲ್ಡರ್ಸ್ ಮೆತ್ತಗಾದರು’ ಎಂಬ ತಲೆಬರಹದಿಂದ ಇವೆರಡರಲ್ಲಿ ಒಂದೂ ತಿಳಿಯುವುದಿಲ್ಲ.

ಎಡಪಂಥದ ಪಾಪ್ಯುಲಿಸ್ಟರು ಇದಕ್ಕೆ ಹೊರತು ಎಂದು ನಂಬುವವರು ಗ್ರೀಸನ್ನು ನೋಡಬೇಕು. ಅಲೆಕ್ಸಿಸ್ ಸಿಪ್ರಾಸ್ ಅವರ ಸಿರಿಜಾ 2014ರ ಸೆಪ್ಟೆಂಬರಿನಲ್ಲಿ ಥೆಸಲೊನಿಕಿಯಲ್ಲಿ ಕಾರ್ಯಕ್ರಮ ಪ್ರಕಟಿಸಿತು. ಸಾಲದ ಬಹುಪಾಲು ಮನ್ನಾ ಆಗಬೇಕು, 1953ರಲ್ಲಿ ಜರ್ಮನಿಗೆ ಲಂಡನ್ನಿನಲ್ಲಿ ಮಾಡಿಕೊಟ್ಟ ಹಾಗೆ. ಕನಿಷ್ಠ ವೇತನ ತಿಂಗಳಿಗೆ 586 ಯೂರೋದಿಂದ ಮತ್ತೆ 751ಕ್ಕೆ. 2015ರ ಜನವರಿ 25ರಂದು 300ರಲ್ಲಿ 149 ಸ್ಥಾನ ಗೆದ್ದರು. ಗೆದ್ದು ಎರಡು ವಾರ ಕಳೆಯುವ ಮೊದಲೇ ಹಣಕಾಸು ಮಂತ್ರಿ ಯಾನಿಸ್ ವರೂಫಾಕಿಸ್ ಮನ್ನಾ ಎಂಬ ಮಾತನ್ನು ಬಿಟ್ಟು, ಹಳೆಯ ಸಾಲಪತ್ರಕ್ಕೆ ಬದಲಾಗಿ ಆರ್ಥಿಕ ಬೆಳವಣಿಗೆಗೆ ತಳಕು ಹಾಕಿದ ಹೊಸ ಸಾಲಪತ್ರ ಎಂದು ಲಂಡನ್ನಿನಲ್ಲಿ ಹೇಳಿದರು. ಗ್ರೀಸಿಗೆ ಸಾಲ ಕೊಟ್ಟು ಷರತ್ತು ಹೇರುತ್ತಿದ್ದ, ಜನ ಶಾಪ ಹಾಕುತ್ತಿದ್ದ ‘ತ್ರಿಮೂರ್ತಿ’ ಕೂಟ, ಅಂದರೆ ಯುರೋಪಿಯನ್ ಆಯೋಗ, ಯುರೋಪಿಯನ್ ಕೇಂದ್ರ ಬ್ಯಾಂಕ್, ಐಎಂಎಫ್, ಕಡತಗಳಲ್ಲಿ ‘ಸಂಸ್ಥೆಗಳು’ ಎಂದಾಯಿತು. ಬಂದು ಕೂತವರು ಅವರೇ. ಜೂನ್ ಕೊನೆಗೆ ಬ್ಯಾಂಕುಗಳು ಮುಚ್ಚಿ, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ಸಿಗುವ ಸ್ಥಿತಿ ಬಂತು. ಜುಲೈ 5ರ ಜನಮತಗಣನೆಯಲ್ಲಿ ಶೇ 61ರಷ್ಟು ಜನ ಷರತ್ತುಗಳಿಗೆ ಬೇಡ ಎಂದರು. ಜುಲೈ 13ರ ಬೆಳಗ್ಗೆ, ರಾತ್ರಿಯಿಡೀ ನಡೆದ ಸಭೆಯ ಕೊನೆಗೆ, ಸಿಪ್ರಾಸ್ ಅದಕ್ಕಿಂತ ಕಠಿಣ ಷರತ್ತುಗಳಿಗೆ ಒಪ್ಪಿದರು. 86 ಶತಕೋಟಿ ಯೂರೋದ ಮೂರನೇ ನೆರವು ಅದು. ಕನಿಷ್ಠ ವೇತನ ಕೊನೆಗೂ ಏರಿದ್ದು 2019ರ ಫೆಬ್ರುವರಿಯಲ್ಲಿ, 650ಕ್ಕೆ. 751 ಅಲ್ಲ.

ಆದರೂ ಸಿಪ್ರಾಸ್ ಅವರನ್ನೂ ವಿಲ್ಡರ್ಸ್ ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸಿಪ್ರಾಸ್ ಕೊಟ್ಟ ಮಾತಿಗಾಗಿ ಬ್ಯಾಂಕು ಮುಚ್ಚುವ ತನಕ ಹೋರಾಡಿ ಸೋತರು, ಸೋತದ್ದನ್ನು ಒಪ್ಪಿ ಎರಡೇ ತಿಂಗಳಲ್ಲಿ ಮತ್ತೆ ಜನರ ಮುಂದೆ ಹೋದರು, ಶೇ 35.5 ಮತ ಪಡೆದರು. ಅವರನ್ನು ದ್ರೋಹಿ ಎಂದು ಬಿಟ್ಟು ಹೋದ ಸಂಸದರು ಕಟ್ಟಿದ ಹೊಸ ಪಕ್ಷ ಶೇ 3ರ ಗಡಿ ದಾಟದೆ ಹೊರಗುಳಿಯಿತು.

ಹಣದ ಭರವಸೆಯೇ ಮೊದಲು ಏಕೆ ಜಾರುತ್ತದೆ ಎಂಬುದಕ್ಕೆ ಇಟಲಿಯ 2018 ಸರಿಯಾದ ಪಾಠ. ಗಣ್ಯರ ವಿರೋಧಿ ಫೈವ್ ಸ್ಟಾರ್ ಚಳವಳಿ ಮತ್ತು ಬಲಪಂಥೀಯ ಲೀಗ್ ಪಕ್ಷ ಸೇರಿ ಸರ್ಕಾರ ಮಾಡಲು ಹೊರಟಾಗ ಒಪ್ಪಂದದ ಕರಡೊಂದು ಸೋರಿಕೆಯಾಯಿತು. ಅದರಲ್ಲಿ ಯೂರೋದಿಂದ ಹೊರಬರುವ ದಾರಿಯ ಪ್ರಸ್ತಾಪವೂ ಇತ್ತು, ಯುರೋಪಿಯನ್ ಕೇಂದ್ರ ಬ್ಯಾಂಕು 250 ಶತಕೋಟಿ ಯೂರೋ ಸಾಲ ಮನ್ನಾ ಮಾಡಲಿ ಎಂಬುದೂ ಇತ್ತು. ಮೇ 18ರ ಅಂತಿಮ ಪ್ರತಿಯಲ್ಲಿ ಎರಡೂ ಕಾಣೆ. ಯೂರೋ ಟೀಕಾಕಾರ ಪಾವೊಲೊ ಸವೊನಾ ಅವರನ್ನು ಹಣಕಾಸು ಮಂತ್ರಿ ಮಾಡಲು ಅಧ್ಯಕ್ಷ ಮತ್ತಾರೆಲ್ಲಾ ಒಪ್ಪಲಿಲ್ಲ, ಅವರಿಗೆ ಬೇರೆ ಖಾತೆ ಹೋಯಿತು. ಸೆಪ್ಟೆಂಬರ್ 27ರ ರಾತ್ರಿ, ವಿತ್ತೀಯ ಕೊರತೆ ಜಿಡಿಪಿಯ ಶೇ 2.4 ಎಂದು ನಿಗದಿಯಾದದ್ದಕ್ಕೆ ಫೈವ್ ಸ್ಟಾರ್ ನಾಯಕ ಲುಯಿಜಿ ದಿ ಮಾಯೊ ಪ್ರಧಾನಿ ಕಚೇರಿಯ ಬಾಲ್ಕನಿಯಲ್ಲಿ ನಿಂತು ಬೀದಿಯ ಬೆಂಬಲಿಗರತ್ತ ಕೈಬೀಸಿದರು.

ಆಮೇಲೆ ನಡೆದದ್ದು ಹೀಗೆ. ಯೂರೋ ದೇಶಗಳು ಪ್ರತಿ ವರ್ಷ ಅಕ್ಟೋಬರ್ 15ರೊಳಗೆ ಬಜೆಟ್ ಕರಡನ್ನು ಯುರೋಪಿಯನ್ ಆಯೋಗಕ್ಕೆ ಕಳಿಸಬೇಕು. ಇಟಲಿಯ ಕರಡನ್ನು ಅಕ್ಟೋಬರ್ 23ರಂದು ಆಯೋಗ ವಾಪಸು ಕಳಿಸಿತು. ಹಾಗೆ ಮಾಡಿದ್ದು ಅದೇ ಮೊದಲು. ಜರ್ಮನಿಗಿಂತ ಇಟಲಿ ತನ್ನ ಸಾಲಕ್ಕೆ ಕೊಡಬೇಕಾದ ಹೆಚ್ಚುವರಿ ಬಡ್ಡಿ ಆ ತಿಂಗಳು ಶೇಕಡಾ 3 ದಾಟಿತು. ಬೀದಿಯ ಪ್ರತಿಭಟನೆ ಸರ್ಕಾರಕ್ಕೆ ಕಾಣದಿರಬಹುದು, ಬಡ್ಡಿ ದರ ಪ್ರತಿ ಹರಾಜಿನಲ್ಲೂ ಕಾಣುತ್ತದೆ. ಡಿಸೆಂಬರ್ 19ಕ್ಕೆ ರಾಜಿಯಾಯಿತು: ಕೊರತೆ ಶೇ 2.04. ಎರಡು, ನಾಲ್ಕು ಎಂಬ ಅಂಕಿಗಳು ಹಾಗೇ ಇವೆ, ನಡುವೆ ಒಂದು ಸೊನ್ನೆ ಬಂದು ಕೂತಿದೆ. ಭಾಷಣದಲ್ಲಿ ಕೇಳುವವರಿಗೆ ಹೆಚ್ಚು ವ್ಯತ್ಯಾಸ ತಿಳಿಯದಂಥ ಸಂಖ್ಯೆ. ಆ ಕಡಿತ ಹೊಂದಿಸಿದ್ದು ಮುಖ್ಯವಾಗಿ ಎರಡು ದೊಡ್ಡ ಭರವಸೆಗಳ ಮೊತ್ತ ಇಳಿಸಿ, ಶುರುವಾಗುವ ತಿಂಗಳನ್ನು ಮುಂದೂಡಿ: ಬಡವರಿಗೆ ನಾಗರಿಕ ಆದಾಯ ಮತ್ತು ಬೇಗ ನಿವೃತ್ತಿ. ಅದೇ ತಿಂಗಳುಗಳಲ್ಲಿ ಲೀಗ್ ನಾಯಕ ಸಾಲ್ವಿನಿ ಅವರ ವಲಸೆ ವಿರೋಧಿ ಭದ್ರತಾ ಕಾನೂನು ಅಡೆತಡೆಯಿಲ್ಲದೆ ಪಾಸಾಯಿತು. ಅದಕ್ಕೆ ಸಾಲಪತ್ರದ ಮಾರುಕಟ್ಟೆ ಬೆಲೆ ಕಟ್ಟುವುದಿಲ್ಲ.

ಜಾರ್ಜಿಯಾ ಮೆಲೋನಿ ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತರು. 2022ರ ಜೂನ್‌ನಲ್ಲಿ ಸ್ಪೇನಿನ ಮಾರ್ಬೆಯಾದಲ್ಲಿ ಅಲ್ಲಿನ ಬಲಪಂಥೀಯ ವಾಕ್ಸ್ ಪಕ್ಷದ ವೇದಿಕೆಯಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಗಂಟಲು ಹರಿದು ಕೂಗಿದವರು, ಆಗಸ್ಟಿನಲ್ಲಿ ಕುರ್ಚಿಯಲ್ಲಿ ಕೂತು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ಗಳಲ್ಲಿ ಶಾಂತವಾದ ವಿಡಿಯೊ ಬಿಟ್ಟರು. ಇಟಲಿಯ ಬಲಪಂಥ ಫ್ಯಾಸಿಸಂ ಅನ್ನು ದಶಕಗಳ ಹಿಂದೆಯೇ ಇತಿಹಾಸಕ್ಕೆ ಒಪ್ಪಿಸಿದೆ ಎಂದು. ಆ ವಿಡಿಯೊ ಇಟಲಿಯ ಮತದಾರರಿಗಲ್ಲ, ಹೊರದೇಶದ ಪತ್ರಕರ್ತರಿಗೆ, ಸಾಲ ಕೊಡುವವರಿಗೆ. ನಾವು ಇಲ್ಲಿ ಓದಿದ್ದೂ ಅದನ್ನೇ. ಪೆಟ್ರೋಲ್ ಬಂಕಿನಲ್ಲಿ ನಿಂತು ಇಂಧನ ಸುಂಕ ತೆಗೆಯಬೇಕು ಎಂದು 2019ರಲ್ಲಿ ಅವರು ಮಾಡಿದ ವಿಡಿಯೊ ಇಟಲಿಯವರಿಗೆ ಬಾಯಿಪಾಠ. ಪ್ರಧಾನಿಯಾಗಿ ಎರಡು ತಿಂಗಳು ತುಂಬಿದ ಮೇಲೆ, 2023ರ ಜನವರಿ 1ರಿಂದ, ಹಿಂದಿನ ದ್ರಾಗಿ ಸರ್ಕಾರ ಲೀಟರಿಗೆ ಸುಮಾರು 30 ಸೆಂಟ್ ಇಳಿಸಿದ್ದ ಸುಂಕವನ್ನು ಪೂರ್ತಿ ಮೊದಲಿನ ಮಟ್ಟಕ್ಕೆ ಬಿಟ್ಟರು. ವಲಸಿಗರ ದೋಣಿ ತಡೆಯಲು ನೌಕಾ ದಿಗ್ಬಂಧನ ಎಂದದ್ದೂ ಆಗಲಿಲ್ಲ. 2023ರಲ್ಲಿ ಸಮುದ್ರದ ದಾರಿಯಲ್ಲಿ ಬಂದವರು ಸುಮಾರು 1.57 ಲಕ್ಷ. ಆದರೆ ಆ ಭರವಸೆಯನ್ನು ಸುಂಕದ ಭರವಸೆಯ ಹಾಗೆ ಮರೆಯಲು ಬಿಡಲಿಲ್ಲ. ಅದರ ಜಾಗಕ್ಕೆ ಅಲ್ಬೇನಿಯಾದಲ್ಲಿ ಶಿಬಿರ ಕಟ್ಟುವ ಯೋಜನೆ ತಂದರು. ಜೊತೆಗೇ, ಹೆಚ್ಚು ಸದ್ದಿಲ್ಲದೆ, 2023ರಿಂದ 2025ರವರೆಗೆ 4.52 ಲಕ್ಷ ವಿದೇಶಿ ಕೆಲಸಗಾರರಿಗೆ ಪರವಾನಗಿಯ ಕೋಟಾ ತೆರೆದರು.

ಮಾತು ಬದಲಿಸದವರ ಗತಿ ಏನು? ಹೈಡರ್ ಅವರದೇ ಫ್ರೀಡಂ ಪಕ್ಷದ ನಾಯಕ, ಆಸ್ಟ್ರಿಯಾದ ಹರ್ಬರ್ಟ್ ಕಿಕ್ಲ್ 2024ರ ಸೆಪ್ಟೆಂಬರಿನಲ್ಲಿ ಮೊದಲ ಸ್ಥಾನಕ್ಕೆ ಬಂದರು. 2025ರ ಜನವರಿಯಲ್ಲಿ ಸರ್ಕಾರ ರಚಿಸುವ ಆಹ್ವಾನ ಸಿಕ್ಕ ಒಂದೇ ವಾರದಲ್ಲಿ, ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಎಂದರೆ ಮೈಯೆಲ್ಲ ಉರಿಯುವ ಆ ಪಕ್ಷ, ಸುಮಾರು 6.4 ಶತಕೋಟಿ ಯೂರೋ ಉಳಿತಾಯದ ಪಟ್ಟಿಯನ್ನು ಬ್ರಸೆಲ್ಸಿಗೇ ಕಳಿಸಲು ಒಪ್ಪಿತು. ಹಣದ ವಿಷಯ ವಾರದಲ್ಲಿ ಮುಗಿಯಿತು. ಗೃಹ ಖಾತೆ ಯಾರಿಗೆ ಎಂಬುದು ಮುಗಿಯಲೇ ಇಲ್ಲ. ಫೆಬ್ರುವರಿ 12ಕ್ಕೆ ಕಿಕ್ಲ್ ಆಹ್ವಾನವನ್ನು ಹಿಂದಿರುಗಿಸಿದರು.

ಮಾತು ಬದಲಿಸಿ ಬೆಲೆ ತೆತ್ತವರೂ ಇದ್ದಾರೆ. ಫಿನ್ಲೆಂಡಿನ ಫಿನ್ಸ್ ಪಕ್ಷ 2011ರಲ್ಲಿ ಸಾಲದ ಸುಳಿಯಲ್ಲಿದ್ದ ಪೋರ್ಚುಗಲ್‌ಗೆ ಯುರೋಪ್ ಕೊಡಲಿದ್ದ ನೆರವನ್ನು ವಿರೋಧಿಸಿ 200ರಲ್ಲಿ 39 ಸ್ಥಾನ ಗೆದ್ದು, ಅದೇ ಕಾರಣಕ್ಕೆ ಸರ್ಕಾರ ಸೇರಲಿಲ್ಲ. 2015ರಲ್ಲಿ ಸೇರಿತು. ನಾಯಕ ಟಿಮೊ ಸೊಯ್ನಿ ವಿದೇಶಾಂಗ ಮಂತ್ರಿಯಾದ ಕೆಲವೇ ತಿಂಗಳಲ್ಲಿ ಗ್ರೀಸಿನ ಮೂರನೇ ನೆರವಿಗೆ ತಲೆಯಾಡಿಸಬೇಕಾಯಿತು. 2017ರ ಜೂನ್‌ನಲ್ಲಿ ಪಕ್ಷದ ಸಮಾವೇಶ ಕಟ್ಟಾ ವಲಸೆ ವಿರೋಧಿ ಯುಸ್ಸಿ ಹಲ್ಲಾ-ಅಹೊ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಸೊಯ್ನಿ ಮತ್ತು ಮಂತ್ರಿಗಳು ಹೊರಬಂದು ಬೇರೆ ಪಕ್ಷ ಕಟ್ಟಿ ಖಾತೆಗಳನ್ನು ಉಳಿಸಿಕೊಂಡರು. 2019ರ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಗುಂಪಿಗೆ ಸಿಕ್ಕಿದ್ದು ಸೊನ್ನೆ, ಹಳೆಯ ಹೆಸರು ಮತ್ತು ಹಳೆಯ ಕೂಗು ಉಳಿಸಿಕೊಂಡವರಿಗೆ ಮತ್ತೆ 39. ಯುರೋಪಿನ ಇಂಥ ಪಕ್ಷಗಳ ತಂತ್ರಗಾರರೆಲ್ಲ ಈ ಫಲಿತಾಂಶ ಓದಿರುತ್ತಾರೆ. ವಲಸೆಯ ಮಾತು ಬಿಟ್ಟರೆ ಮನೆ ಖಾಲಿಯಾಗುತ್ತದೆ ಎಂಬ ಭಯ ಅವರಿಗೆ ಸುಮ್ಮನೆ ಬಂದದ್ದಲ್ಲ.

ಒಂದು ನ್ಯಾಯವಾದ ಮಾತನ್ನು ಇಲ್ಲಿ ಹೇಳಲೇಬೇಕು. 150ರಲ್ಲಿ 37 ಸ್ಥಾನ ಪಡೆದ ಪಕ್ಷ ತನ್ನ ಪ್ರಣಾಳಿಕೆಯನ್ನು ಪೂರ್ತಿ ಜಾರಿ ಮಾಡಬೇಕೆಂದು ಕೇಳುವುದು ಪ್ರಜಾಪ್ರಭುತ್ವದ ಲೆಕ್ಕಕ್ಕೆ ಕೂಡುವುದಿಲ್ಲ. ಮೈತ್ರಿಯಲ್ಲಿ ಕೊಡುಕೊಳ್ಳುವಿಕೆ ಇದ್ದದ್ದೇ, ಅದನ್ನು ವಂಚನೆ ಎನ್ನಲಾಗದು. ನಾನು ಕೇಳುವುದು ಬೇರೆ: ಬದಲಾವಣೆಯನ್ನು ಮತದಾರನಿಗೆ ಯಾವಾಗ ಹೇಳಿದರು, ಮತ ಹಾಕುವ ಮೊದಲೋ ನಂತರವೋ? ಫ್ರಿಜ್ಜಿನ ಮಾತನ್ನು ವಿಲ್ಡರ್ಸ್ ಮೊದಲೇ ಹೇಳಿದ್ದರು, ಅದಕ್ಕೆ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಪಿಂಚಣಿಯ 65 ಹೋಯಿತು ಎಂಬುದು ತಿಳಿದದ್ದು ನಂತರ. ಅಂದರೆ ಪಕ್ಕದ ಪಕ್ಷಗಳನ್ನು ಸಮಾಧಾನಪಡಿಸುವ ಬದಲಾವಣೆ ಮೊದಲು, ತನ್ನದೇ ಮತದಾರನಿಗೆ ನಷ್ಟವಾಗುವ ಬದಲಾವಣೆ ಆಮೇಲೆ.

ಫ್ರಾನ್ಸಿನಲ್ಲಿ ಇದೆಲ್ಲ ಒಂದು ತಿಂಗಳೊಳಗೆ ನಡೆದದ್ದನ್ನು ಕಂಡಿದ್ದೇವೆ. 2024ರ ಜೂನ್ 9ರಂದು ಅಧ್ಯಕ್ಷ ಮಕ್ರೋನ್ ಸಂಸತ್ತು ವಿಸರ್ಜಿಸಿದರು, ಮತದಾನ ಜೂನ್ 30 ಮತ್ತು ಜುಲೈ 7ಕ್ಕೆ. ಪ್ರಧಾನಿಯಾಗುವ ಸಾಧ್ಯತೆ ಕಣ್ಣಿಗೆ ಬಿದ್ದ ಕೂಡಲೇ ಲೆ ಪೆನ್ ಪಕ್ಷದ ಜೋರ್ಡಾನ್ ಬಾರ್ಡೆಲ್ಲಾ ಮೊದಲು ಮುಂದೂಡಿದ್ದು 64ಕ್ಕೆ ಏರಿದ್ದ ನಿವೃತ್ತಿ ವಯಸ್ಸನ್ನು ಇಳಿಸುವ ಮಾತನ್ನು. ದಿನಬಳಕೆ ವಸ್ತುಗಳ ಮೇಲಿನ ವ್ಯಾಟ್ ತೆಗೆಯುವುದು ಎರಡನೇ ಹಂತಕ್ಕೆ ಹೋಯಿತು. ಇಂಧನ, ವಿದ್ಯುತ್ತಿನ ವ್ಯಾಟನ್ನು 20ರಿಂದ 5.5ಕ್ಕೆ ಇಳಿಸುವುದು ಮಾತ್ರ ಉಳಿಯಿತು. ಸರ್ಕಾರಿ ಲೆಕ್ಕಪತ್ರದ ಆಡಿಟ್ ಆಗಲಿ, ಆಮೇಲೆ ನೋಡೋಣ ಎಂದರು. ನೇಟೊ ಜಂಟಿ ಸೇನಾ ವ್ಯವಸ್ಥೆಯಿಂದ ಹೊರಬರುವುದನ್ನು ಉಕ್ರೇನ್ ಯುದ್ಧ ಮುಗಿಯುವ ತನಕ ಮುಂದೂಡಿದರು. ಎರಡು ಪೌರತ್ವ ಉಳ್ಳವರನ್ನು ಸೂಕ್ಷ್ಮ ಹುದ್ದೆಗಳಿಂದ ದೂರವಿಡುವುದು ಮಾತ್ರ ಕೊನೆಯವರೆಗೆ ಉಳಿಯಿತು. ಅದಕ್ಕೆ ಆಡಿಟ್ ಬೇಕೆಂದು ಯಾರೂ ಹೇಳಲಿಲ್ಲ. ಎರಡನೇ ಸುತ್ತಿನಲ್ಲಿ ಮಿತ್ರರೂ ಸೇರಿ 143 ಸ್ಥಾನಕ್ಕೆ ನಿಂತು, ಅಧಿಕಾರ ದೂರವಾಯಿತು.

2027ರಲ್ಲಿ ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆ. ನಿಮ್ಮ ವಿದೇಶ ಸುದ್ದಿ ವಿಭಾಗಕ್ಕೆ ನನ್ನ ಕೋರಿಕೆ ಇಷ್ಟು. ಗೆಲುವಿನ ರಾತ್ರಿಯ ಭಾಷಣದ ಧಾಟಿಯನ್ನು ಅಳೆಯುವುದನ್ನು ಸ್ವಲ್ಪ ಬದಿಗಿಡಿ. ಪಕ್ಷದ 2022ರ ಪ್ರಣಾಳಿಕೆ, 2024ರ ಜೂನ್ 24ರಂದು ಬಾರ್ಡೆಲ್ಲಾ ಬಿಡುಗಡೆ ಮಾಡಿದ ಕಾರ್ಯಕ್ರಮ, ಮುಂದೆ ಬರುವ ಹೊಸ ಪ್ರಣಾಳಿಕೆ, ಮೂರನ್ನೂ ಪಕ್ಕಪಕ್ಕ ಇಟ್ಟು ಐದಾರು ಸಾಲುಗಳನ್ನು ಮಾತ್ರ ಹೋಲಿಸಿ: ನಿವೃತ್ತಿ ವಯಸ್ಸು, ವ್ಯಾಟ್, ಯುರೋಪಿಯನ್ ಒಕ್ಕೂಟಕ್ಕೆ ಕೊಡುವ ವಂತಿಗೆ, ಪೌರತ್ವದ ನಿಯಮ, ವಿದೇಶಿಯರಿಗೆ ಸಿಗುವ ಸವಲತ್ತು. ಪ್ರತಿ ಸಾಲಿನ ಎದುರು, ಜಾರಿಯ ವರ್ಷ ಇದೆಯೇ, ದುಡ್ಡಿನ ಮೂಲ ಹೇಳಿದ್ದಾರೆಯೇ, ಹಿಂದಿನ ಪ್ರತಿಯಲ್ಲಿ ಇದ್ದ ಅಂಕಿ ಈಗಲೂ ಇದೆಯೇ ಎಂದು ಬರೆಯಿರಿ. ಮಸೂದೆ ಮಂಡಿಸಿದ್ದರೆ ಅದು ಬಿದ್ದುಹೋಯಿತೋ, ಹಿಂಪಡೆದರೋ, ಅಥವಾ ಸುಮ್ಮನೆ ಅದರ ಸುದ್ದಿ ಎತ್ತುವುದನ್ನು ಬಿಟ್ಟರೋ ಎಂಬುದನ್ನೂ ಬೇರೆ ಬೇರೆಯಾಗಿ ಹೇಳಿ. ಫ್ರೆಂಚ್ ಬಲ್ಲ ಕನ್ನಡಿಗರು ಬೆಂಗಳೂರಿನಲ್ಲೂ ಪ್ಯಾರಿಸ್ಸಿನಲ್ಲೂ ಇದ್ದಾರೆ, ಕೇಳಿದರೆ ನೆರವಾಗುತ್ತಾರೆ. ಮೂರು ಕಾಲಂಗಳ ಈ ಪಟ್ಟಿಗೆ ಅರ್ಧ ಪುಟ ಸಾಕು. ಮೊದಲ ಸುತ್ತಿಗೆ ಹದಿನೈದು ದಿನ ಇರುವಾಗ ಒಮ್ಮೆ ಪ್ರಕಟಿಸಿ, ಗೆದ್ದವರು ಮೊದಲ ಬಜೆಟ್ ಮಂಡಿಸಿದಾಗ ನಾಲ್ಕನೇ ಕಾಲಂ ಸೇರಿಸಿ ಮತ್ತೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರ ಅಧ್ಯಾಪಕ, ಧಾರವಾಡ